ಚಿನ್ನಕ್ಕೆ ಬದಲು ಕಬ್ಬಿಣ

...ಕಾರ್ಸ್ಟೆನ್‌ನ ಯುದ್ಧದಿಂದ ವಾಪಸ್ ಕರೆಸೋದು ನನ್ನ ಕೈಲೆಲ್ಲಿದೆ, ವೀಬ್ಕೆ? ನಾನು, ಈ ಹೆನ್ನಿಂಗ್, ಬ್ಯಾಂಕಲ್ಲಿ ಬರೀ ಗುಮಾಸ್ತ. ಯುದ್ಧಕ್ಕೆ ಮುಂಚೆ ನಿನ್ನ ಗಂಡನೂ ಇದೇ ಮೇಜಿನ ಆ ಕಡೆ ಕೂತಿದ್ದೋನೇ. ಕೂತ್ಕೋ ಮೊದಲು. ಉಂಗುರ ಆಮೇಲೆ ಬಿಚ್ಚಿದ್ರಾಯ್ತು. ಇಡೀ ಹ್ಯಾಂಬರ್ಗ್ ಯುದ್ಧಕ್ಕೆ ಅಂತ ಚಿನ್ನದುಂಗುರ ಕೊಟ್ಟು ಕಬ್ಬಿಣದ್ದು ಹಾಕ್ಕೊಂಡು ಓಡಾಡ್ತಿದೆ. ನಿಂದೊಂದು ಅರ್ಧ ಗಂಟೆ ತಡವಾದ್ರೆ ನಮ್ಮ ಚಕ್ರವರ್ತಿ ಕೈಸರ್ ಸೋತುಹೋಗಲ್ಲ.

ಯಾಕೆ ನಗ್ತೀಯ? ಓ, ನನ್ನ ಬೆರಳು ನೋಡಿ. ಹೂಂ, ಖಾಲಿ. ಕೊಡೋಕೂ ಏನಾದ್ರೂ ಇರಬೇಕಲ್ಲ. ಅವತ್ತು ನಾನು ಕೇಳ್ದಾಗ ನೀನು ಒಪ್ಪಿದ್ದಿದ್ರೆ... ಬಿಡು.

ಅವನು ಯಾಕೆ ಹೋಗಬೇಕಾಯ್ತು ಅಂತ ತಾನೇ ಕೇಳ್ತಿರೋದು? ಗೋಡೆ ಮೇಲಿನ ನಕಾಶೆ ನೋಡು. ತುರ್ಕಿಯೊಳಗೆ ಕೆಂಪು ಗೆರೆ ಇದೆಯಲ್ಲ, ನಮ್ಮ ಬ್ಯಾಂಕು ಸಾಲ ಕೊಟ್ಟು ಹಾಕಿಸಿದ ರೈಲು ಅದು. ಆ ಗೆರೆ ಎಳೆದೋನು ನಾನು. ಕಾರ್ಸ್ಟೆನ್ ತಾನೇ ಎಳೆದೆ ಅಂದಿದ್ನಾ? ಅಂದಿರ್ತಾನೆ. ಡೈರೆಕ್ಟರಿಗೂ ಹಾಗೇ ಹೇಳಿ ಬಡ್ತಿ ತಗೊಂಡ. ಲಂಡನ್ನಿನೋರಿಗೂ ಅದೇ ಗೆರೆ ಮೇಲೆ ಕಣ್ಣು. ಮೊದಲು ದುಡ್ಡು ಹೋಯ್ತು, ದುಡ್ಡಿನ ಹಿಂದೆ ಇಂಜಿನಿಯರುಗಳು, ಅವರನ್ನ ಕಾಯೋಕೆ ಯುದ್ಧನೌಕೆ. ನಾವೂ ಹಾಗೇ, ಅವರೂ ಹಾಗೇ. ಕೊನೆಗೆ ನೌಕೆಗಳೂ ಸಾಲದೆ ಕಾರ್ಸ್ಟೆನ್ ಅಂಥೋರು ಬೇಕಾದ್ರು. ಆ ರೈಲು ಹೋಗೋ ಊರುಗಳ ಹೆಸರು ಹೇಳೋಕೂ ನಮಗೆ ನಾಲಿಗೆ ಹೊರಳಲ್ಲ, ಅವನು ಹೋಗಿ ಫ್ರಾನ್ಸಿನ ಕೆಸರಲ್ಲಿ ಕೂತಿದ್ದಾನೆ. ಡೈರೆಕ್ಟರು ಈಗ ಯುದ್ಧಸಾಲದ ಪತ್ರ ಮಾರ್ತಾ ಹೊಸ ಕೋಟು ಹೊಲಿಸಿದ್ದಾರೆ.

ಹೊಟ್ಟೆಕಿಚ್ಚಿಗೆ ಹೀಗೆಲ್ಲ ಮಾತಾಡ್ತಾನೆ ಅಂದ್ಕೊಂಡ್ಯಾ? ಹೌದು ಕಣೆ, ಹೊಟ್ಟೆಕಿಚ್ಚೇ. ಮಧ್ಯಾಹ್ನ ಅವನು ಬುತ್ತಿ ಬಿಚ್ಚೋನು. ನೀನು ಬೆಣ್ಣೆ ಹಚ್ಚಿದ ಕಪ್ಪು ಬ್ರೆಡ್ಡು, ಹೊಗೆ ಹಾಕಿದ ಮೀನು. ಅರ್ಧ ನಂಗೆ ಕೊಡೋನು, ಪಾಪ. ಆ ಅರ್ಧ ತಿನ್ನೋವಾಗ ನಂಗೆ ಎಷ್ಟು ಉರೀತಿತ್ತು ಗೊತ್ತಾ? ಹಾಗಂತ ಅವನಿಗೆ ಕೇಡು ಬಗೀತೀನಾ?

ಮತ್ತೆ ಆ ಪಟ್ಟಿ ವಿಷಯ. ಎಷ್ಟು ಸಲ ಹೇಳಲಿ? ಯಾರಿಲ್ಲದೆ ಬ್ಯಾಂಕು ನಡೆಯಲ್ವೋ ಅವರ ಹೆಸರು ಬರೆದುಕೊಡಿ, ಅವರನ್ನ ಯುದ್ಧಕ್ಕೆ ಕರೆಯದೆ ಬಿಡ್ತೀವಿ ಅಂದ್ರು ಸೈನ್ಯದೋರು. ಡೈರೆಕ್ಟರು ಬಾಗಿಲು ಹಾಕ್ಕೊಂಡು ಒಬ್ಬರೇ ಬರೆದ್ರು, ಲಕೋಟೆ ಅಂಟಿಸಿ ಕಳಿಸಿದ್ರು. ಆ ಕಾಗದ ನಾನು ಕಣ್ಣಲ್ಲೂ ನೋಡಿಲ್ಲ. ಕಾರ್ಸ್ಟೆನ್ ಹೆಸರು ಅದರಲ್ಲಿರ್ಲಿಲ್ಲ, ಹಣೆಬರಹ. ಈಗ ಅರ್ಜಿ ಹಾಕಿದ್ರೂ ಅಷ್ಟೇ. ಇಡು, ಉಂಗುರ ಇಲ್ಲಿಡು. ತಗೋ, ಕಬ್ಬಿಣದ್ದು. ಆ ಪಟ್ಟೀಲಿ ಇದ್ದಿದ್ದೇ ಐದು ಜನಕ್ಕೆ ಅವಕಾಶ. ಅವನ ಹೆಸರು ಐದನೇದು. ಡೈರೆಕ್ಟರ ಅಕ್ಷರವೋ ಕೋಳಿ ಕೆದರಿದ ಹಾಗೆ, ಅದನ್ನ ಚೆನ್ನಾಗಿ ನಕಲು ಮಾಡೋವಾಗ...

ಯಾಕೆ ಎದ್ದು ನಿಂತೆ?

ನಕಲು... ಯಾರೋ ಮಾಡಿರ್ತಾರೆ ಅಂದೆ. ಹಾಗೆ ನೋಡಬೇಡ, ವೀಬ್ಕೆ. ಈ ಹೆನ್ನಿಂಗ್‌ಗೂ ಕೈಕಾಲು ಗಟ್ಟಿಯಿದೆ, ಮತ್ತೆ ಯುದ್ಧಕ್ಕೆ ಹೋಗದೆ ಇನ್ನೂ ಇಲ್ಯಾಕಿದ್ದಾನೆ ಅಂತ ತಾನೇ? ಅವನ ಹೆಸರು ಬಿಟ್ಟ ಮೇಲೆ ಐದನೇ ಸಾಲು ಖಾಲಿ ಬಿಡೋಕಾಗ್ತಿತ್ತಾ? ಯಾರದಾದ್ರೂ ಒಂದು ಹೆಸರು...

ಬೈ. ಉಗಿ.

ನಿನ್ನ ಉಂಗುರ ವಾಪಸ್ ಹಾಕ್ಕೋ, ಬೇಡ ಅನ್ನಲ್ಲ. ಯುದ್ಧಕ್ಕೆ ನಾನೇನು ಕೊಟ್ಟೆ ಅಂತ ಆ ಕಬ್ಬಿಣದ್ದನ್ನ ನನ್ನ ಬೆರಳಿಗೆ ಹಾಕ್ತಿದ್ದೀಯ?