ಕೇಳಿದರೆ ಮಾತ್ರ

ಕಡಬದಿಂದ ಗುಬ್ಬಿಗೆ ಹೊರಟ ಬಸ್ಸಿನಲ್ಲಿ ತೇಜಸ್ವಿನಿ ತೆರೆದ ಪುಸ್ತಕದ ಒಂದು ಪುಟವೂ ಸರಿಯಲಿಲ್ಲ; ಕಿವಿಯೆಲ್ಲ ಮುಂದಿನವರ ಮಾತಿನ ಮೇಲೆ. ಮುಂದಿನ ಸೀಟಿನಲ್ಲಿ ತಲೆ ನರೆತ ಹೆಂಗಸು, ಆಕೆಯ ಪಕ್ಕದಲ್ಲಿ ಮಡಿಲ ಮೇಲೆ ಕರಿಕೋಟು ಇಟ್ಟುಕೊಂಡ ಲಾಯರ್ ಹುಡುಗಿ.

“ಅತ್ತೆ, ‘ತೋಟದ ದಾರಿ ನಿಂದೂ ಕಣೋ, ಓಡಾಡ್ಕೊ’ ಅಂತ ಮೈದುನನಿಗೆ ನೀವೇ ವಾಯ್ಸ್ ಮೆಸೇಜ್ ಕಳ್ಸಿದೀರಲ್ಲ!”

“ಟೈಪ್ ಮಾಡಕ್ಕೆ ಬರಲ್ಲ, ಬಾಯಲ್ಲಿ ಹೇಳ್ದೆ. ಆಮೇಲೆ ಜಗಳ ಆಯ್ತು, ಬೇಲಿ ಹಾಕ್ದೆ, ಅವ್ನು ಕೇಸ್ ಹಾಕ್ದ. ಅವ್ನ ಫೋನು ಕೆರೆಗೆ ಬಿತ್ತು. ಈಗ ಆ ಮೆಸೇಜ್ ಇರೋದು ನನ್ ಫೋನಲ್ಲೇ.”

“ಇಂಗ್ಲೆಂಡಲ್ಲಾಗಿದ್ರೆ, ನಮಗೆ ಮುಳುವಾಗೋ ಮೆಸೇಜನ್ನೂ ನಾವೇ ಎದುರು ಪಾರ್ಟಿಗೆ ಕೊಡೋ ದಾಖಲೆ ಪಟ್ಟೀಲಿ ತೋರಿಸ್ಬೇಕಿತ್ತು.”

“ಅವ್ರು ಕೇಳ್ದೆ ಇದ್ರೂವೆ?”

“ಕೇಳ್ದೆ ಇದ್ರೂ. ನಮ್ಮಲ್ಲಿ ಇಂಥ ಕೇಸಲ್ಲಿ ಅವ್ರು ಕೇಳ್ಬೇಕು, ಜಡ್ಜು ಕೊಡಿ ಅನ್ಬೇಕು. ಅಲ್ಲೀವರ್ಗೂ ಸುಮ್ನಿರ್ಬೋದು.”

“ಗುಬ್ಬೀಲಿ ಹುಟ್ಟಿದ್ದೇ ಪುಣ್ಯ ಬುಡು. ಅಳಿಸ್ಬುಡ್ಲೇನೆ?”

“ಅಯ್ಯೋ, ಕೇಸ್ ನಡೀವಾಗ ಅಳ್ಸಂಗಿಲ್ಲ! ಸುಮ್ನಿರಿ ಅಂದ್ರೆ ಬರೀ ಸುಮ್ನಿರಿ.”

ಅತ್ತೆ ಬಾಗಿಲ ಕಡೆ ಕತ್ತು ತಿರುಗಿಸಿದರು.

“ಕೋರ್ಟಲ್ಲಿ ವಾಯಿದೆ ಇದ್ದಾಗೆಲ್ಲ ಅವ್ನೂ ಇದೇ ಬಸ್ಸಿಗೆ ಬರೋದು ಕಣೇ. ಇವತ್ತು ಕಿಟಕೀಲಿ ಟವಲ್ ಹಾಕಿ ನಂಗೆ ಸೀಟ್ ಹಿಡ್ದೋನೂ ಅವ್ನೇ.”

“ಅದು ಎವಿಡೆನ್ಸ್ ಅಲ್ಲ, ಅತ್ತೆ.”

“ನಂಗೊತ್ತು.”

ಗುಬ್ಬಿ ಬಂತು. ಎಲ್ಲರೂ ಎದ್ದರು. ಬಾಗಿಲ ಬಳಿ ನಿಂತಿದ್ದ ದಪ್ಪ ಮೀಸೆಯ ಗಂಡಸಿನ ಭುಜ ತಟ್ಟಿ ಅತ್ತೆ ಅಂದರು:

“ಲೇ ಚನ್ನೇಶ, ನನ್ ಫೋನ್ ತೋರಿಸಿ ಅಂತ ಕೇಳಕ್ಕೆ ನಿನ್ ಲಾಯರ್‌ಗೆ ಹೇಳೋ.”

“ಯಾಕತ್ತಿಗೆ?”

“ಕೇಳಿದ್ರೆ ಕೊಡ್ಬೇಕಂತೆ.”

ಲಾಯರ್ ಹುಡುಗಿ ಕೋಟನ್ನು ಎದೆಗವಚಿಕೊಂಡು, “ಅತ್ತೆ, ಅತ್ತೆ” ಎನ್ನುತ್ತ ಅವರಿಬ್ಬರ ಹಿಂದೆ ಇಳಿದು ಓಡಿದಳು.