ಏಳನೇ ನಂಬರಿನ ರಕ್ತ

ಅಧ್ಯಕ್ಷಪೀಠದಲ್ಲಿರುವ ನಮ್ಮ ನಿರ್ದೇಶಕಿ ಪ್ರಿಯದರ್ಶಿನಿ ಮೇಡಂ ಅವರೇ, ದೆಹಲಿಯಿಂದ ಬಂದು ರಾಯಚೂರಿನ ಬಿಸಿಲಿಗೆ ಆಗಲೇ ಎರಡೆರಡು ಬಾಟಲಿ ನೀರು ಖಾಲಿ ಮಾಡಿರುವ ಅತಿಥಿಗಳೇ, ಮುಂದಿನ ಸಾಲಿನ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿರುವ ಅರಕೇರಾದ ಕರೆಮ್ಮನವರೇ, ಸಭಿಕರೇ,

ಹದಿನೈದು ನಿಮಿಷದಲ್ಲಿ ಉತ್ತರ ಹೇಳುವ ನಮ್ಮ ಜ್ವರಪರೀಕ್ಷೆಯ ಕಿಟ್‌ಗೆ ಕಳೆದ ವಾರ ಸರ್ಕಾರದ ಒಪ್ಪಿಗೆ ಸಿಕ್ಕಿತು. ಚಪ್ಪಾಳೆ ಹೊಡೆಯಿರಿ, ನಾನು ಕಾಯುತ್ತೇನೆ.

ನನಗೆ ಶಾಲು ಹೊದಿಸಿದ್ದೀರಿ. ಹೊದಿಸಿದ್ದನ್ನು ಹಿಂದಕ್ಕೆ ಕೇಳಬಾರದು, ಏಕೆಂದರೆ ಮೇಡಂ ಅವರಿಗೆ ಮಾತ್ರ ಗೊತ್ತಿರುವ ಒಂದು ತಪ್ಪನ್ನು ಈಗ ಒಪ್ಪಿಕೊಳ್ಳಲಿದ್ದೇನೆ.

ನಾನು ಮಾನ್ವಿಯವಳು. ಈ ಸಂಸ್ಥೆಯಲ್ಲಿ ರಕ್ತದ ಮಾದರಿ ತರುವುದು ನನ್ನ ಕೆಲಸ. ಕುರಿ, ಆಡುಗಳ ಹಸಿ ಹಾಲಿನಿಂದ ಬರುವ ಜ್ವರವನ್ನು ಹುಡುಕಿಕೊಂಡು ದೇವದುರ್ಗದ ಹಟ್ಟಿಗಳನ್ನೆಲ್ಲ ಸುತ್ತಿದೆ. ಕರೆಮ್ಮನವರ ಮಗ ಹಾಲೇಶ ಎರಡು ವರ್ಷದಿಂದ ಸಂಜೆಯಾದರೆ ಜ್ವರ, ಕೀಲುನೋವು ಎಂದು ಮಲಗುತ್ತಿದ್ದ. ಒಬ್ಬರು ಮಲೇರಿಯಾ ಎಂದರು, ಇನ್ನೊಬ್ಬರು ಟೈಫಾಯಿಡ್ ಎಂದರು, ಊರವರು ಮೈಗಳ್ಳ ಎಂದರು. ನಾನು ಹೋಗಿ ಏನು ಮಾಡಿದೆ? ಹಾಲು ಕಾಸಿ ಕುಡಿಯಿರಿ ಎಂದು ಭಾಷಣ ಮಾಡಿದೆ. ಭಾಷಣ ಮುಗಿಯುವಷ್ಟರಲ್ಲಿ ಕರೆಮ್ಮ ಆಗಷ್ಟೇ ಕರೆದ ಹಾಲಿನ ತಂಬಿಗೆ ಹಿಡಿದು ನಿಂತಿದ್ದರು.

"ಯವ್ವಾ ದಿಲ್ಶಾದ, ನಮ್ಮ ಹಾಲು ಬ್ಯಾಡ, ನಮ್ಮ ರಗತ ಬೇಕೇನು? ಮೊದಲ ಕುಡಿ, ಆಮ್ಯಾಲ ಸೂಜಿ ತಗಿ."

ಕುಡಿದೆ. ಹಟ್ಟಿಯಿಂದ ಹಟ್ಟಿಗೆ ಕುಡಿದೆ. ನೂರ ಹನ್ನೆರಡು ಜನರ ರಕ್ತ ತಂದೆ. ಹೀಗೆ ಹಸಿ ಹಾಲು ಕುಡಿಯುವುದನ್ನು ಸಂಸ್ಥೆಯ ನಿಯಮ ಒಪ್ಪುವುದಿಲ್ಲ, ಹಾಗಾಗಿ ಬಾಯಿ ಬಿಡಲಿಲ್ಲ.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ? ಸಿಬ್ಬಂದಿಯಲ್ಲಿ ಹತ್ತು ಮಂದಿ ಕೊಟ್ಟೆವು. ಹೆಸರಿಲ್ಲ, ನಂಬರು ಮಾತ್ರ. ಏಳನೇ ನಂಬರಿಗೆ ಕಿಟ್ ರೋಗವಿದೆ ಎಂದು ಎರಡು ಗೆರೆ ತೋರಿಸಿತು. ಮತ್ತೆ ಹಾಕಿದರು, ಮತ್ತೆ ಎರಡು ಗೆರೆ. ಮೇಡಂ ತಲೆ ಹಿಡಿದು ಕುಳಿತರು.

"ಆರೋಗ್ಯವಾಗಿದ್ದವ್ರಿಗೂ ರೋಗ ಅದ ಅಂತ ತೋರ್ಸಾಕತ್ತದ. ಸೋಮವಾರ ದೆಹಲಿಗೆ ಬರೀತೀನಿ, ಇದನ್ನ ಕೈಬಿಡೂಣು."

ಮೂರು ವರ್ಷದ ಕೆಲಸ! ಕಿಟ್ ಸುಳ್ಳಾದರೆ ಹಾಲೇಶನಿಗೆ ತೋರಿಸಿದ ಎರಡು ಗೆರೆಯೂ ಸುಳ್ಳು. ಅವನಿಗೆ ಔಷಧ ಕೊಡುವವರು ಯಾರು?

ಏಳನೇ ನಂಬರು ನನ್ನದು, ಸ್ವಾಮಿ. ಎರಡು ತಿಂಗಳಿಂದ ನನಗೂ ಸಂಜೆಗೆ ಮೈ ಸುಡುತ್ತಿತ್ತು. ಅದನ್ನು ಊರಿನ ಬಿಸಿಲಿನ ತಲೆಗೆ ಕಟ್ಟಿದ್ದೆ. ಕೆಲಸ ಹೋದರೆ ಹೋಗಲಿ ಎಂದು ಮೇಡಂ ಕೋಣೆಯೊಳಗೆ ಹೋದೆ.

"ಮೇಡಂ, ಕಿಟ್ ಖರೇನ ಹೇಳಾಕತ್ತದರೀ. ಮುಚ್ಚಿಟ್ಟಾಕಿ ನಾನು. ಹಸಿ ಹಾಲು ಕುಡ್ದೀನ್ರೀ."

ಮೇಡಂ ಬೈದರು. ಏನೇನು ಬೈದರೆಂದು ಅವರೇ ಅಧ್ಯಕ್ಷರಾಗಿರುವಾಗ ಹೇಳುವುದು ಸಭ್ಯತೆಯಲ್ಲ. ಆಮೇಲೆ ಪ್ರಯೋಗಾಲಯದಲ್ಲಿ ನನ್ನ ರಕ್ತದೊಳಗಿನ ರೋಗಾಣು ಕಣ್ಣಿಗೆ ಬಿದ್ದಾಗ ಓಡಿ ಬಂದು ತಬ್ಬಿಕೊಂಡರು. ನನಗೇ ಗೊತ್ತಾಗದ ರೋಗವನ್ನು ನಮ್ಮ ಕಿಟ್ ಹಿಡಿದಿತ್ತು!

ಹಾಲೇಶ ಮತ್ತು ನಾನು ಆರು ವಾರ ಒಂದೇ ಬಗೆಯ ಮಾತ್ರೆಗಳನ್ನು ನುಂಗಿದೆವು. ಈಗ ಅವನು ಇನ್ನೂರು ಕುರಿಗಳ ಹಿಂದೆ ನಡೆಯುತ್ತಾನೆ. ಇವತ್ತು ಇಲ್ಲಿಗೆ ಬರಲೂ ಪುರುಸೊತ್ತಿಲ್ಲವಂತೆ. ಅದನ್ನು ಕೇಳಿ ನನಗೆ ಈ ಶಾಲಿಗಿಂತ ಹೆಚ್ಚು ಸಂತೋಷವಾಯಿತು.

ಕರೆಮ್ಮನವರ ಕಾಲ ಬಳಿಯ ಸ್ಟೀಲ್ ಕ್ಯಾನನ್ನು ಅತಿಥಿಗಳು ಆಗಿನಿಂದ ನೋಡುತ್ತಿದ್ದೀರಿ. ಹೌದು, ಹಾಲೇ. ಬಾಗಿಲಲ್ಲೇ ವಿಚಾರಿಸಿದ್ದೇನೆ. "ಮೂರು ಉಕ್ಕು ಬರೂತನ ಕಾಸೀನವ್ವಾ, ನಿನ್ನ ಸಲುವಾಗಿ ಹಾಲಿನ ರುಚೀನ ಕೆಡಿಸೀನಿ" ಎಂದರು.

ಮೊದಲ ಲೋಟ ನಾನೇ ಕುಡಿಯುತ್ತೇನೆ, ಈ ಸಲ ಮೇಡಂ ಅವರ ಕಣ್ಣೆದುರೇ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.