ಬೆಲ್ಲದ ಒತ್ತು

"ಈ ಎಂಜಿನ್ ನಂಬಿ ಮಕ್ಕಳ ಕೈಗೆ ಕೊಡ್ಬೋದಾ?"

ಕುಶಾಲನಗರದ ಬಸ್ ನಿಲ್ದಾಣದಲ್ಲಿ ಹುಡುಗನೊಬ್ಬ ಯಾರನ್ನೂ ನೋಡದೆ ಕೇಳಿದ. ಪಕ್ಕದಲ್ಲಿ ರಾಮನಾಮ ಜಪಿಸುತ್ತ ಕೂತಿದ್ದ ಸಣ್ಣಸ್ವಾಮಿಗೆ ಯಾವುದೋ ಜೀಪಿನ ಮಾತೆನಿಸಿ ಕಿವಿ ಅತ್ತ ಹೊರಳಿತು. ಹುಡುಗನ ತೊಡೆಯ ಮೇಲೆ ಲ್ಯಾಪ್‌ಟಾಪು. ಅದರಲ್ಲಿ ಮರಿಯಾನೆಯೊಂದು ಹೊಳೆ ದಾಟುತ್ತಿತ್ತು.

"ಕೊಡ್ಬೋದು ನಿತೇಶ," ಎಂದಳು ಜೊತೆಗಿದ್ದವಳು. "ಇವತ್ತೇ ಚೆಟ್ಟಳ್ಳಿ ಶಾಲೆ ಕಂಪ್ಯೂಟರಿಗೆ ನಾವು ಮಾಡಿದ ಆಟ ಹಾಕಿ ಬರೋದು."

"ರಂಜಿತಕ್ಕ, ಆಟ ಓಡ್ಸೋ ಈ ಎಂಜಿನ್ನು ಯಾರ್ಯಾರೋ ಸೇರಿ ಪುಕ್ಕಟೆ ಕಟ್ತಿರೋದು. ದಿನಾ ಬದಲಾಗ್ತದೆ. ಮಕ್ಳ ಮುಂದೆ ಕೈಕೊಟ್ರೆ?"

"ವಾರವೆಲ್ಲ ನಮ್ಮನೆ ಹಳೇ ಕಂಪ್ಯೂಟರಲ್ಲಿ ಆಡ್ಸಿದೀನಿ. ಒಂದ್ಸಲಾನೂ ನಿಂತಿಲ್ಲ."

"ಎಂಜಿನ್ನಿನ ಹಳೇ ಆವೃತ್ತಿನೇ ಸಾಕಿತ್ತು."

"ಅದ್ರಲ್ಲಿ ಬೆಲ್ಲ ಅಂತ ಬರೆದ್ರೆ ಒತ್ತು ಕೆಳಗೆ ಇಳೀದೆ ಪಕ್ಕದಲ್ಲಿ ನಿಲ್ತಿತ್ತು. ಆನೆಗೆ ಬೆಲ್ಲ ಕೊಡು ಅಂತ ಮಕ್ಳು ಓದೋದು ಹೆಂಗೆ? ನೀನೇ ನಗಾಡಿದ್ದೆ. ಈಗ ಹೊಸದ್ರಲ್ಲಿ ನೋಡು."

ಸಣ್ಣಸ್ವಾಮಿಯೂ ಇಣುಕಿದ. ಪದ್ಯ ಓದುತ್ತ ಬೆಳೆದವನಿಗೆ ಒತ್ತು ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ತೆರೆಯ ಮೇಲೆ ಬೆಲ್ಲ ಬೆಲ್ಲವಾಗಿಯೇ ಇತ್ತು.

"ಚೆನ್ನಾಗೇ ಇದೆ. ಆದ್ರೂ ಬರೋ ತಿಂಗಳು ಇನ್ನೂ ಗಟ್ಟಿ ಆವೃತ್ತಿ ಬರ್ತದಂತೆ," ಎಂದ ನಿತೇಶ.

"ಅದರ ಹಿಂದೆ ಇನ್ನೊಂದು ಬರ್ತದೆ. ನೀನು ಹಿಂಗೇ ಕಾಯ್ತಿದ್ರೆ ಆ ಮಕ್ಳಿಗೆ ಮದುವೆ ಆಗಿರ್ತದೆ."

ಚೆಟ್ಟಳ್ಳಿ ಬಸ್ಸು ಬಂದು ನಿಂತಿತು. ರಂಜಿತಾ ಲ್ಯಾಪ್‌ಟಾಪು ಮಡಚಿ ಚೀಲಕ್ಕೆ ತುರುಕಿ ನಡೆದಳು. ನಿತೇಶ ಹಿಂದೆಯೇ ಓಡಿದ.

"ಅಕ್ಕಾ, ಒಂದೇ ಒಂದು ತಿಂಗಳು ತಡಿಯಕ್ಕ."

"ತಡಿಯಲ್ಲ. ಬಸ್ಸು ಹತ್ತು."